ಮದ್ದಿನ ಜೊತೆ ಕಾವು

ಬಟಾಣಿ ಸೂಪಿನ ದೊಡ್ಡ ಪಾತ್ರೆಯನ್ನು ಮೇಜಿನ ನಡುವೆ ಕುಕ್ಕಿದವಳೇ ತೆಕ್ಲಾ, "ಇನ್ನು ಸಾಕು. ಆ ಮಗೂನ ಇನ್ನೆಲ್ಲಿಗೂ ಎಳ್ಕೊಂಡು ಹೋಗೋದು ಬೇಡ," ಎಂದಳು.

ಬ್ರೆಡ್ ಕೊಯ್ಯುತ್ತಿದ್ದ ಸೊಸೆ ಹೈಡ್ರುನ್ ತಲೆ ಎತ್ತಲಿಲ್ಲ. "ಡ್ಯೂಸೆಲ್‌ಡಾರ್ಫ್ ಏನು ಚಂದ್ರಲೋಕದಲ್ಲಿದೆಯಾ ಅತ್ತೆ? ರೈಲು ಹತ್ತಿ ಕೂತು ಕೋಟು ಬಿಚ್ಚೋದ್ರೊಳಗೆ ಬಂದುಬಿಡುತ್ತೆ."

"ದೂರದ ಮಾತಲ್ಲ. ಅಲ್ಲಿ ಮಾಡೋದೇನು? ಮಗೂನ ಬೇಯ್ಸೋದು."

"ಬೇಯ್ಸೋದಲ್ಲ, ಕಾಯ್ಸೋದು."

"ನನ್ನ ಅಡಿಗೆಮನೇಲಿ ಎರಡೂ ಒಂದೇ."

ಹದಿನಾರರ ಗೇಸಾ ಬಾಗಿಲ ಕಡೆ ಕಣ್ಣು ಹಾಯಿಸಿ, "ಅಜ್ಜಿ, ಮೆತ್ತಗೆ. ಅವಳಿಗೆ ಕೇಳಿಸುತ್ತೆ," ಎಂದಳು. ಆಚೆ ಕೋಣೆಯಲ್ಲಿ ಸೋಫಾದ ಮೇಲೆ ಅವಳ ತಂಗಿ ಮೈಕೆ ಮಲಗಿದ್ದಳು.

ಟೆರ್‌ಹೋರ್ಸ್ಟ್ ಮನೆಯವರು ರೂರೋರ್ಟ್ ಬಂದರಿನ ಬೀದಿಯಲ್ಲಿ ಮೂರು ತಲೆಮಾರಿನಿಂದ ಇದ್ದವರು. ಕೆಳಮನೆಯಲ್ಲಿ ತೆಕ್ಲಾ, ಮೇಲಿನ ಮನೆಯಲ್ಲಿ ಮಗ ಫೋಲ್ಕರ್, ಸೊಸೆ, ಇಬ್ಬರು ಹೆಣ್ಣುಮಕ್ಕಳು. ಊಟ ಮಾತ್ರ ಎಲ್ಲರಿಗೂ ಕೆಳಗೆ, ತೆಕ್ಲಾಳ ಮೇಜಿನಲ್ಲೇ. ಫೋಲ್ಕರ್ ಸರಕು ದೋಣಿಯ ಕಪ್ತಾನ. ರೈನ್ ನದಿಯಲ್ಲಿ ರಾಟರ್‌ಡ್ಯಾಮಿನಿಂದ ಮೇಲಕ್ಕೆ ಅದಿರು, ಕಲ್ಲಿದ್ದಲು ಸಾಗಿಸುವ ಕೆಲಸ. ತಿಂಗಳಲ್ಲಿ ಅರ್ಧದಷ್ಟು ದಿನ ನೀರಿನ ಮೇಲೆ. ಹೈಡ್ರುನ್ ಬೀದಿ ಕೊನೆಯ ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದಳು.

ಹನ್ನೊಂದರ ಮೈಕೆಗೆ ಹಿಂದಿನ ವರ್ಷ ಕಿಬ್ಬೊಟ್ಟೆಯಲ್ಲಿ ಗಡ್ಡೆ ಕಾಣಿಸಿತ್ತು. ಕ್ಯಾನ್ಸರ್. ಕೊಯ್ದು ತೆಗೆದರು, ಔಷಧಿ ಹನಿಸಿದರು, ಕೂದಲು ಉದುರಿ ಮತ್ತೆ ಬೆರಳುದ್ದ ಬೆಳೆಯಿತು. ಮನೆಯವರೆಲ್ಲ ಉಸಿರು ಬಿಡುವಷ್ಟರಲ್ಲಿ ಕ್ರಿಸ್‌ಮಸ್‌ಗೆ ಮೊದಲು ಅದು ತಿರುಗಿ ಬಂತು. ಮತ್ತೆ ಔಷಧಿ ಕೊಟ್ಟರು. ಈ ಸಲ ಗಡ್ಡೆ ಬಗ್ಗಲಿಲ್ಲ. ರಕ್ತದಲ್ಲಿ ಅದರ ಗುರುತು ತೋರಿಸುವ ಅಂಕಿ ಏರುತ್ತಲೇ ಹೋಯಿತು. ಊರಿನ ವೈದ್ಯರು ಕೈ ಚೆಲ್ಲುವ ಮೊದಲು ಒಂದು ಮಾತು ಹೇಳಿದ್ದರು. ಡ್ಯೂಸೆಲ್‌ಡಾರ್ಫಿನಲ್ಲಿ ಇಂಥ ಗಡ್ಡೆಗಳಿಗೆ ಕಾವು ಕೊಟ್ಟು, ಅದೇ ಹೊತ್ತಿಗೆ ಔಷಧಿಯನ್ನೂ ಹನಿಸುವವರಿದ್ದಾರೆ. ಕೇಳಿ ನೋಡಿ ಎಂದು.

"ಫೋಲ್ಕರ್, ನೀನೇನಾದ್ರೂ ಬಾಯಿ ಬಿಡ್ತೀಯಾ, ಇಲ್ವಾ?" ಎಂದಳು ಹೈಡ್ರುನ್.

ಫೋಲ್ಕರ್ ಸೂಪಿನ ತಟ್ಟೆಯಲ್ಲಿ ಚಮಚ ತಿರುಗಿಸುತ್ತ, "ಅಮ್ಮ ಹೇಳೋದ್ರಲ್ಲೂ... ಮಗು ತುಂಬ ಅನುಭವಿಸಿದೆ," ಎಂದ.

"ಸರಿ. ನಾಳೆ ನೀನು ದೋಣಿ ಹತ್ತಿ ಹೋಗ್ತೀಯ. ನಾನಿಲ್ಲಿ ಏನು ಮಾಡ್ಲಿ? ಅವಳು ಕರಗೋದನ್ನ ನೋಡ್ಕೊಂಡು ಕಾಲುಚೀಲ ಹೆಣೀಲಾ?"

"ನನ್ನ ಮೇಲೆ ಕೂಗಾಡ್ಬೇಡ."

"ಇನ್ಯಾರ ಮೇಲೆ ಕೂಗಾಡ್ಲಿ? ನೀನು ಮನೇಲಿರೋದೇ ಭಾನುವಾರ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಉಣ್ಣೆಯ ಕಾಲುಚೀಲದಲ್ಲಿ ಸದ್ದಿಲ್ಲದೆ ಬಂದ ಮೈಕೆ ತನ್ನ ಕುರ್ಚಿ ಎಳೆದು ಕೂತಳು. "ನನ್ನ ವಿಷಯ ಮಾತಾಡ್ತಿದ್ರೆ ನನಗೂ ಸೂಪ್ ಹಾಕಿ."

ತೆಕ್ಲಾ ಬಡಿಸಿದಳು.

"ಕಾಯ್ಸಿದ್ರೆ ನೋವಾಗುತ್ತಾ ಅಮ್ಮ?"

"ಗೊತ್ತಿಲ್ಲ ಪುಟ್ಟಿ."

"ಹಾಗಾದ್ರೆ ಹೋಗಿ ಕೇಳೋಣ. ಕೇಳಿದ್ರೆ ಯಾರೂ ಬೇಯ್ಸಲ್ಲ ಅಲ್ವಾ ಅಜ್ಜಿ?"

ತೆಕ್ಲಾ ಎದ್ದು ಒಲೆಯ ಕಡೆ ತಿರುಗಿದಳು.

ಅವಳ ಹಟಕ್ಕೆ ಕಾರಣವಿತ್ತು, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂವತ್ತು ವರ್ಷಗಳ ಹಿಂದೆ ಅವಳ ಕಿರಿಯ ಮಗ ಎಕಾರ್ಟ್, ಏಳು ವರ್ಷದ ಹುಡುಗ, ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದ್ದ. ಆಗಿನ ಕಾಲದಲ್ಲಿ ತಾಯಿ ತಂದೆಗೆ ಬುಧವಾರ, ಭಾನುವಾರ ಮಾತ್ರ ಪ್ರವೇಶ. ಅದೂ ಗಾಜಿನ ಗೋಡೆಯ ಈಚೆ ನಿಂತು ನೋಡುವುದು. ತೆಕ್ಲಾ ನೋಡುತ್ತಿದ್ದಳು, ಆ ಹುಡುಗ ಒಳಗಿನಿಂದ ಗಾಜು ಬಡಿಯುತ್ತಿದ್ದ. ಒಂದು ಗುರುವಾರ ಸತ್ತ. ಆಮೇಲೆ ತೆಕ್ಲಾ ಯಾವ ಆಸ್ಪತ್ರೆಯ ಹೊಸ್ತಿಲನ್ನೂ ತುಳಿದಿರಲಿಲ್ಲ. ಮೊಮ್ಮಕ್ಕಳು ಹುಟ್ಟಿದಾಗಲೂ ಮನೆಗೆ ತಂದ ಮೇಲೇ ನೋಡಿದ್ದಳು.

ಫೋಲ್ಕರ್ ಮರುದಿನ ದೋಣಿಯನ್ನು ಸಹಾಯಕನಿಗೆ ಒಪ್ಪಿಸಿ ಹೆಂಡತಿ ಮಗಳ ಜೊತೆ ಡ್ಯೂಸೆಲ್‌ಡಾರ್ಫಿಗೆ ಹೋದ.

ಡಾಕ್ಟರ್ ಕ್ಲಾಸೆನ್ ಎತ್ತರದ ಹೆಂಗಸು, ಕತ್ತಿನಲ್ಲಿ ದಾರ ಕಟ್ಟಿದ ಕನ್ನಡಕ. ಅವರು ದೊಡ್ಡವರನ್ನು ಬಿಟ್ಟು ನೇರ ಮೈಕೆಯ ಮುಂದೆ ಕುರ್ಚಿ ಹಾಕಿಕೊಂಡರು.

"ನಿನ್ನ ಹೊಟ್ಟೆಯೊಳಗಿನ ಗಡ್ಡೆ ಬಲು ಚಾಲಾಕಿ. ಔಷಧಿ ಹ್ಯಾಗೆ ತಪ್ಪಿಸ್ಕೋಬೇಕು ಅಂತ ಕಲ್ತುಬಿಟ್ಟಿದೆ. ಹೊಡೆತ ತಿಂದ್ರೂ ರಿಪೇರಿ ಮಾಡ್ಕೊಂಡು ಎದ್ದು ಕೂರುತ್ತೆ. ಆದ್ರೆ ಅದಕ್ಕೆ ಚೆನ್ನಾಗಿ ಕಾವು ಕೊಟ್ರೆ ಆ ರಿಪೇರಿ ಮಾಡ್ಕೊಳ್ಳೋಕೆ ಕೈಲಾಗಲ್ಲ. ಅದೇ ಹೊತ್ತಲ್ಲಿ ನಾವು ಔಷಧಿ ಹರಿಸ್ತೀವಿ."

"ಜ್ವರ ಬಂದ ಹಾಗಾ?"

"ಹೊಟ್ಟೆಗೆ ಮಾತ್ರ ಜ್ವರ. ಒಂದು ಗಂಟೆ ಹೊತ್ತು. ನಿನ್ನ ಸೊಂಟದ ಸುತ್ತ ಒಂದು ದೊಡ್ಡ ಬಳೆ ಬರುತ್ತೆ. ಮಧ್ಯೆ ನೀರಿನ ದಿಂಬು. ಚರ್ಮ ಸುಡದ ಹಾಗೆ ನೀರು ನೋಡ್ಕೊಳ್ಳುತ್ತೆ. ಆದ್ರೂ ಎಲ್ಲಾದ್ರೂ ಚುರ್ ಅಂದ್ರೆ ತಕ್ಷಣ ಹೇಳ್ಬೇಕು. ಧೈರ್ಯ ತೋರಿಸ್ಕೊಂಡು ಬಾಯ್ಮುಚ್ಕೊಂಡಿರೋ ಮಕ್ಕಳು ನನಗೆ ಬೇಡ. ಗೊಣಗೋ ಮಕ್ಕಳು ಬೇಕು."

"ಗೊಣಗೋದ್ರಲ್ಲಿ ನಮ್ಮ ಮನೆಯವರನ್ನ ಯಾರೂ ಸೋಲ್ಸಕ್ಕಾಗಲ್ಲ," ಎಂದಳು ಮೈಕೆ.

ಡಾಕ್ಟರ್ ನಕ್ಕರು. ಫೋಲ್ಕರ್ ನಗಲಿಲ್ಲ. ನರ್ಸ್ ಬಂದು ಮಗಳನ್ನು ತೂಕ ನೋಡಲು ಕರೆದುಕೊಂಡು ಹೋದ ಮೇಲೆ ಕೇಳಿದ, "ವಾಸಿ ಆಗ್ತಾಳಾ?"

"ನಾನು ಮಾತು ಕೊಡಲ್ಲ. ಇದೇ ಸ್ಥಿತೀಲಿ ಬಂದ ಕೆಲವು ಮಕ್ಕಳು ಇವತ್ತು ಸ್ಕೂಲಿಗೆ ಹೋಗ್ತಿದ್ದಾರೆ. ಕೆಲವರು ಉಳೀಲಿಲ್ಲ. ಬರೀ ಔಷಧಿಯಿಂದ ಈ ಗಡ್ಡೆ ಹೋಗಲ್ಲ ಅನ್ನೋದಂತೂ ನಿಮಗೇ ಗೊತ್ತು."

ಫೋಲ್ಕರ್ ಹೆಂಡತಿಯ ಮುಖ ನೋಡಿದ. "ಆಗ್ಲಿ," ಎಂದ.

ಆವತ್ತು ಸಂಜೆ ತೆಕ್ಲಾ ಸುದ್ದಿ ಕೇಳಿದಳು, ಆಲೂಗಡ್ಡೆ ತುರಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಮಗು, ನಿಮ್ಮಿಷ್ಟ. ನನ್ನನ್ನ ಅಲ್ಲಿಗೆ ಕರೀಬೇಡಿ, ಅಷ್ಟೇ."

"ಕರೆದವರು ಯಾರು?" ಎಂದಳು ಹೈಡ್ರುನ್.

ಆಮೇಲೆ ಅತ್ತೆ ಸೊಸೆ ನಡುವೆ ಮಾತು ನಿಂತಿತು. ಏನಿದ್ದರೂ ಗೇಸಾಳ ಮೂಲಕ. "ನಿಮ್ಮಮ್ಮನಿಗೆ ಹೇಳು, ಸಾಬೂನು ಮುಗಿದಿದೆ." "ನಿಮ್ಮಜ್ಜಿಗೆ ಹೇಳು, ತಂದಿಟ್ಟು ಎರಡು ದಿನ ಆಯ್ತು, ಕಣ್ಣು ಬಿಟ್ಟು ನೋಡ್ಲಿ." ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದರು. ಗೇಸಾ ತಲೆ ಚಚ್ಚಿಕೊಳ್ಳುತ್ತಿದ್ದಳು.

ಮೊದಲ ಸುತ್ತು ಜನವರಿ ಕೊನೆಯಲ್ಲಿ ಆಯಿತು. ಹೈಡ್ರುನ್ ಬೇಕರಿಯಲ್ಲಿ ರಜೆ ಹೇಳಿ ಮಗಳ ಜೊತೆ ವಾರ್ಡಿನಲ್ಲೇ ಉಳಿದಳು. ವಾಪಸು ಬಂದ ಮೈಕೆಯ ಮುಖ ಮೇಣದಂತಿತ್ತು. ಹುರಿದ ಈರುಳ್ಳಿಯ ವಾಸನೆ ಮೂಗಿಗೆ ಬಡಿದರೆ ವಾಂತಿ. ಕಾಫಿ ವಾಸನೆಗೂ ವಾಂತಿ. ತೆಕ್ಲಾ ಬಾಯಲ್ಲಿ ಏನೂ ಅನ್ನದೆ ಮನೆಯ ಅಡಿಗೆಯನ್ನೇ ಬದಲಿಸಿದಳು. ಈರುಳ್ಳಿ ಬಂದ್. ಕಾಫಿಯನ್ನು ಹಿತ್ತಲ ಮೆಟ್ಟಿಲ ಮೇಲೆ ಚಳಿಯಲ್ಲಿ ನಿಂತು ಕುಡಿದಳು. ಮೈಕೆಗೆ ಅಂತ ಕೋಳಿಯ ತಿಳಿಸಾರು, ಸೇಬಿನ ಗೊಜ್ಜು. ಮೈಕೆ ಎರಡು ಚಮಚ ನುಂಗಿ ತಟ್ಟೆ ದೂಡಿದರೆ, ಅರ್ಧ ಗಂಟೆ ಬಿಟ್ಟು ಅದೇ ತಟ್ಟೆ ಬಿಸಿಯಾಗಿ ಮತ್ತೆ ಮುಂದೆ ಬರುತ್ತಿತ್ತು.

"ಅಜ್ಜಿ, ಇದು ಅದೇ ಸಾರು."

"ಅಲ್ಲ, ಇದು ಅದರ ತಂಗಿ."

ಫೆಬ್ರವರಿಯಲ್ಲಿ ಕಾರ್ನಿವಲ್ ಹಬ್ಬ ಹತ್ತಿರ ಬಂತು. ಗೇಸಾಳ ನೃತ್ಯದ ಗುಂಪು ಸೋಮವಾರದ ದೊಡ್ಡ ಮೆರವಣಿಗೆಯಲ್ಲಿ ಕುಣಿಯುವುದಿತ್ತು. ಇಡೀ ಚಳಿಗಾಲ ಅಭ್ಯಾಸ ಮಾಡಿದ್ದಳು. ಕೆಂಪು ಬಿಳಿ ಉಡುಪು ಇಸ್ತ್ರಿಯಾಗಿ ಬಾಗಿಲಿಗೆ ತೂಗುಬಿದ್ದಿತ್ತು.

"ಈ ವರ್ಷ ಬೇಡ," ಎಂದಳು ಹೈಡ್ರುನ್, ಬಟ್ಟೆ ಮಡಿಸುತ್ತ. "ಅಷ್ಟು ಜನರ ಮಧ್ಯೆ ಹೋಗಿ ನೆಗಡಿ ಅಂಟಿಸ್ಕೊಂಡು ಬಂದ್ರೆ? ಮೈಕೆ ಮೈಯಲ್ಲಿ ತಡಕೊಳ್ಳೋ ಶಕ್ತಿ ಇಲ್ಲ."

ಗೇಸಾ ಕೈಯಲ್ಲಿದ್ದ ಬುಟ್ಟಿಯನ್ನು ನೆಲಕ್ಕೆ ಹಾಕಿದಳು. "ಹೋದ ವರ್ಷ ಶಾಲೆ ಪ್ರವಾಸ ಬೇಡ ಅಂದೆ. ಹುಟ್ಟುಹಬ್ಬಕ್ಕೆ ಯಾರನ್ನೂ ಕರೀಬೇಡ ಅಂದೆ. ಬಟ್ಟೆ ಒಗೀತೀನಿ, ಸಾಮಾನು ತರ್ತೀನಿ, ನಿಮ್ಮಿಬ್ಬರ ಮಧ್ಯೆ ಪೋಸ್ಟ್‌ಮ್ಯಾನ್ ಕೆಲಸಾನೂ ಮಾಡ್ತೀನಿ. ಈ ಮನೇಲಿ ನಾನೊಬ್ಬಳು ಇದ್ದೀನಿ ಅಂತ ಯಾರಿಗಾದ್ರೂ ನೆನಪಿದೆಯಾ?"

"ಗೇಸಾ!"

"ಅವಳಿಗೆ ಕಾಯಿಲೆ, ಗೊತ್ತು. ನನಗೆ ಕಾಯಿಲೆ ಇಲ್ಲ, ಅದೇ ನನ್ನ ತಪ್ಪಾ?"

ಒಲೆಯ ಮುಂದಿದ್ದ ತೆಕ್ಲಾ ಆಗ ಮೊದಲ ಸಲ ಸೊಸೆಯತ್ತ ನೇರ ತಿರುಗಿದಳು. "ಅವಳು ಹೋಗ್ಲಿ. ಮೈಕೆ ನನ್ನ ಜೊತೆ ಕೆಳಗೆ ಮಲಗ್ತಾಳೆ. ಮೇಲಿನ ಗಾಳಿ ಕೆಳಗೆ ಬರಲ್ಲ, ಕೆಳಗಿನ ಗಾಳಿ ಮೇಲೆ ಹೋಗಲ್ಲ. ಊಟಾನೂ ಮೇಲಕ್ಕೇ ಕಳಿಸ್ತೀನಿ. ಇದಕ್ಕೆ ನಾನು ಜವಾಬ್ದಾರಿ."

"ನೀವು ಜವಾಬ್ದಾರಿ?"

"ಹೌದು, ನಾನು."

ಗೇಸಾ ಹೋದಳು, ಕುಣಿದಳು, ಜೇಬು ತುಂಬ ಚಾಕೊಲೇಟು ತುಂಬಿಕೊಂಡು ಬಂದಳು. ಮೂರನೇ ದಿನಕ್ಕೆ ಜ್ವರ ಬಂತು. ಅದರ ಮರುದಿನ ಹೈಡ್ರುನ್ ಹಾಸಿಗೆ ಹಿಡಿದಳು. ಇಬ್ಬರಿಗೂ ಫ್ಲೂ. ಮೇಲಿನ ಮನೆಯಿಂದ ಕೆಮ್ಮು ಮಾತ್ರ ಕೇಳುತ್ತಿತ್ತು. ತೆಕ್ಲಾ ಊಟವನ್ನು ಮೆಟ್ಟಿಲ ತಿರುವಿನಲ್ಲಿಟ್ಟು ಕೈಚಪ್ಪಾಳೆ ತಟ್ಟಿ ಕೆಳಗಿಳಿಯುತ್ತಿದ್ದಳು. ಮೈಕೆಗೆ ಏನೂ ತಾಕಲಿಲ್ಲ. ಆದರೆ ಎರಡನೇ ಸುತ್ತಿಗೆ ಅವಳನ್ನು ಕರೆದೊಯ್ಯುವ ದಿನ ಬಂದುಬಿಟ್ಟಿತ್ತು.

ಹೈಡ್ರುನ್ ಗಂಡನಿಗೆ ಫೋನು ಮಾಡಿದಳು. ರೈನ್ ಉಕ್ಕಿತ್ತು. ಮೇಲುಗಡೆ ಸಂಚಾರವನ್ನೇ ನಿಲ್ಲಿಸಿದ್ದರು. ಫೋಲ್ಕರನ ದೋಣಿ ಕಾಬ್ ಊರಿನ ಹತ್ತಿರ ಲಂಗರು ಹಾಕಿ ನಿಂತಿತ್ತು. ದಡದ ಕಟ್ಟೆ ಮುಳುಗಿ ಇಳಿಯಲೂ ಜಾಗವಿರಲಿಲ್ಲ.

"ಎರಡು ದಿನ ತಡ ಮಾಡಿದ್ರೆ ಆಗಲ್ವಾ?" ಎಂದು ಕೂಗಿದ. ಫೋನಿನಲ್ಲಿ ಗಾಳಿಯ ಸದ್ದೇ ಹೆಚ್ಚು.

"ಡಾಕ್ಟರ್ ಬೇಡ ಅಂದ್ರು. ಗಡ್ಡೆಗೆ ಸುಧಾರಿಸ್ಕೊಳ್ಳೋಕೆ ಹೊತ್ತು ಕೊಡಬಾರದಂತೆ."

"ಹಾಗಾದ್ರೆ ಯಾರು ಹೋಗ್ತಾರೆ?"

ಹೈಡ್ರುನ್ ಫೋನು ಇಟ್ಟಳು. ಕಂಬಳಿ ಹೊದ್ದು ಮೆಟ್ಟಿಲ ತಿರುವಿನವರೆಗೆ ಬಂದು, ಬಾಯಿಗೆ ಬಟ್ಟೆ ಹಿಡಿದು ನಿಂತಳು. ಕೆಳಗೆ ಬಾಗಿಲಲ್ಲಿ ತೆಕ್ಲಾ ನಿಂತಿದ್ದಳು.

"ಅತ್ತೆ."

"ಗೊತ್ತು."

"ನಾನು ಕೇಳ್ತಿರಲಿಲ್ಲ, ಆದ್ರೆ..."

"ಜವಾಬ್ದಾರಿ ನಂದು ಅಂದೋಳು ನಾನೇ ಅಲ್ವಾ? ಹೋಗಿ ಮಲಕ್ಕೋ. ಮೆಟ್ಟಿಲ ಮೇಲೆ ಚಳಿ." ಬಾಗಿಲು ಮುಚ್ಚುವ ಮೊದಲು ತೆಕ್ಲಾ ಕೇಳಿದಳು, "ಅವಳ ರಾತ್ರಿ ಅಂಗಿ ಯಾವುದು, ನೀಲಿದಾ, ಚುಕ್ಕೀದಾ?"

"ಚುಕ್ಕೀದು," ಎಂದು ಹೈಡ್ರುನ್ ಅತ್ತಳು.

ಬಾಡಿಗೆ ಕಾರಿನಲ್ಲಿ ತೆಕ್ಲಾ ಭಾನುವಾರದ ಟೋಪಿ ಹಾಕಿ, ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿ ಕೂತಿದ್ದಳು. ಮೈಕೆಯೇ ಅವಳಿಗೆ ದಾರಿ ತೋರಿಸಿದಳು. ಲಿಫ್ಟು, ಉದ್ದದ ಓಣಿ, ಗೋಡೆಯ ತುಂಬ ಮಕ್ಕಳು ಬರೆದ ಮೀನುಗಳು. ವಾರ್ಡಿನ ಬಾಗಿಲಿಗೆ ಬಂದಾಗ ತೆಕ್ಲಾಳ ಕಾಲು ನಿಂತುಬಿಟ್ಟಿತು.

"ಬಾ ಅಜ್ಜಿ."

"ಬರ್ತೀನಿ ಇರು. ಸ್ವಲ್ಪ ಉಸಿರು ತಗೋತೀನಿ."

ದಪ್ಪನೆಯ ನರ್ಸ್ ಒಬ್ಬಳು ಹೊರಗೆ ಬಂದಳು. ಕ್ರೊಯೇಷಿಯಾದಿಂದ ಬಂದು ನೆಲೆಸಿದ ಯಾದ್ರಾಂಕಾ. "ಓಹೋ, ಮೈಕೆ ಮಹಾರಾಣಿ! ಈ ಸಲ ಯಾರನ್ನ ಕರ್ಕೊಂಡು ಬಂದಿದ್ದೀಯಾ?"

ತೆಕ್ಲಾ ಕೇಳಿದಳು, "ಭೇಟಿ ಸಮಯ ಎಷ್ಟು ಹೊತ್ತಿನ ತನಕ?"

"ಯಾರಿಗೆ?"

"ನನಗೆ. ನಾನು ಇವಳ ಅಜ್ಜಿ."

"ಅಜ್ಜಿಗೆ ಎಂಥ ಸಮಯ? ಅವಳ ಮಂಚದ ಪಕ್ಕದಲ್ಲಿರೋ ಮಂಚ ನಿಮ್ದು. ಎಷ್ಟು ದಿನ ಬೇಕಾದ್ರೂ ಇರಿ. ಗೊರಕೆ ಮಾತ್ರ ಜೋರಾಗಿ ಹೊಡೀಬೇಡಿ."

"ಬುಧವಾರ, ಭಾನುವಾರ ಅಂತ..."

"ಅದು ಯಾವ ಕಾಲದ ಮಾತು ಅಜ್ಜಿ!"

ತೆಕ್ಲಾ ಒಳಗೆ ಹೋಗಿ ಆ ಮಂಚದ ಅಂಚಿನಲ್ಲಿ ಕೂತಳು. ಕೈಯಿಂದ ಹಾಸಿಗೆಯನ್ನು ಒತ್ತಿ ನೋಡಿದಳು. ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದಳು. ಆಮೇಲೆ ಕರವಸ್ತ್ರ ಹುಡುಕುವ ನೆಪದಲ್ಲಿ ಚೀಲದೊಳಗೆ ಮುಖ ಹಾಕಿ ಬಹಳ ಹೊತ್ತು ಹಾಗೇ ಇದ್ದಳು.

ಮರುದಿನ ಕಾವಿನ ಕೋಣೆ. ಒಳಗೆ ಲೋಹದ್ದು ಏನೂ ಇರಬಾರದು. ಕೈಗಡಿಯಾರ, ಹೇರ್‌ಪಿನ್ನು ಎಲ್ಲ ತೆಗೆದರೂ ತೆಕ್ಲಾಳ ಮದುವೆ ಉಂಗುರ ಬೆರಳು ಬಿಡಲಿಲ್ಲ. ಯಾದ್ರಾಂಕಾ ಸಾಬೂನು ಹಚ್ಚಿ ತಿರುವಿದಳು.

"ನಿಮ್ಮೆಜಮಾನ್ರು ಗಟ್ಟಿಯಾಗೇ ಹಾಕಿದ್ದಾರೆ."

"ಅವನು ಮಾಡಿದ ಕೆಲಸದಲ್ಲಿ ಗಟ್ಟಿ ನಿಂತಿರೋದು ಇದೊಂದೇ," ಎಂದಳು ತೆಕ್ಲಾ. ಉಂಗುರ ಜಾರಿ ಬಂತು.

ಮೈಕೆಯನ್ನು ಅಗಲವಾದ ಬಟ್ಟೆಯ ತೂಗುಹಾಸಿಗೆಯ ಮೇಲೆ ಮಲಗಿಸಿ, ಸೊಂಟದ ಸುತ್ತ ಆ ಬಳೆಯನ್ನು ತಂದು ನಿಲ್ಲಿಸಿದರು. ನಡುವೆ ನೀರಿನ ದಿಂಬು ಉಬ್ಬಿ ಮೈಗೆ ಅಂಟಿಕೊಂಡಿತು. ತೋಳಿನ ನಳಿಕೆಯಲ್ಲಿ ಔಷಧಿ ಇಳಿಯತೊಡಗಿತು. ಸ್ವಲ್ಪ ಮಂಪರಿನ ಮದ್ದು ಕೊಟ್ಟಿದ್ದರು, ಆದರೆ ಎಚ್ಚರ ತಪ್ಪಿಸಿರಲಿಲ್ಲ. ಗಾಜಿನಾಚೆ ಕೂತ ತಂತ್ರಜ್ಞ ಒಳಗಿನ ಕಾವನ್ನು ನೋಡುತ್ತಿದ್ದ. ಮೂವತ್ತೆಂಟು ಡಿಗ್ರಿ. ನಲವತ್ತು. ನಲವತ್ತೆರಡು ದಾಟಿದ ಮೇಲೆ ಅಲ್ಲೇ ಹಿಡಿದು ನಿಲ್ಲಿಸಬೇಕು.

ಮೈಕೆಯ ಹಣೆಯಿಂದ ಬೆವರು ಕಿವಿಗೆ ಇಳಿಯಿತು. ತೆಕ್ಲಾ ತಣ್ಣೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಹಣೆ, ಕತ್ತು, ಕಂಕುಳು ಒರೆಸಿದಳು. ಬಟ್ಟೆ ಬಿಸಿಯಾಗುತ್ತಿದ್ದಂತೆ ಮತ್ತೆ ಅದ್ದಿದಳು.

"ಅಜ್ಜಿ, ಬಲಗಡೆ ಚುರ್ ಅಂತಿದೆ."

ತೆಕ್ಲಾ ಗಾಜಿನ ಕಡೆ ತಿರುಗಿದಳು. ಬಂದರಿನಲ್ಲಿ ದೋಣಿಯಿಂದ ದೋಣಿಗೆ ಕೂಗಿ ಪಳಗಿದ ಗಂಟಲು. "ಏ ತಮ್ಮಾ! ಬಲಗಡೆ ಚುರ್ ಅಂತಿದೆಯಂತೆ! ಅಲ್ಲಿ ಕೂತ್ಕೊಂಡು ಏನು ಪೇಪರ್ ಓದ್ತಿದ್ದೀಯಾ?"

ತಂತ್ರಜ್ಞ ಬೆಚ್ಚಿ ಏನೋ ತಿರುಗಿಸಿದ. ಧ್ವನಿವರ್ಧಕದಲ್ಲಿ ಅವನ ಮಾತು ಬಂತು. "ಅಮ್ಮ, ಇಲ್ಲಿ ಮೈಕ್ ಇದೆ. ಪಿಸುಗುಟ್ಟಿದ್ರೂ ಕೇಳಿಸುತ್ತೆ."

"ಈಗ ಹೆಂಗಿದೆ ಪುಟ್ಟಿ?"

"ಈಗ ಪರವಾಗಿಲ್ಲ." ಮೈಕೆ ಕಣ್ಣು ಮುಚ್ಚಿದಳು. "ಅಜ್ಜಿ, ಎಕಾರ್ಟ್ ಚಿಕ್ಕಪ್ಪನಿಗೂ ಹೀಗೇ ಮಾಡಿದ್ರಾ?"

"ಇಲ್ಲ. ಆಗ ಇದೆಲ್ಲ ಇರ್ಲಿಲ್ಲ."

"ಅವನು ಹೇಗಿದ್ದ? ಕಾಯಿಲೆಗೆ ಮುಂಚೆ."

ಆ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ತೆಕ್ಲಾ ಬಟ್ಟೆ ಹಿಂಡಿ ಅವಳ ಹಣೆಯ ಮೇಲಿಟ್ಟಳು. "ಕೋತಿ. ಒಂದ್ಸಲ ಪಾದ್ರಿಗಳ ಸೈಕಲ್ ಕದ್ಕೊಂಡು ಓಡಿದ. ಕಾಲು ಪೆಡಲಿಗೆ ಎಟುಕ್ತಿರಲಿಲ್ಲ. ಬಂದರಿನ ಇಳಿಜಾರಲ್ಲಿ ಬ್ರೇಕ್ ಹಿಡಿಯೋಕೆ ಬರ್ದೆ, ಸೈಕಲ್ ಸಮೇತ ನೀರಿಗೆ! ಒಬ್ಬ ದೋಣಿಯವನು ಕೊಕ್ಕೇಲಿ ಅಂಗಿ ಹಿಡಿದು ಎತ್ತಿದ. ನೀರು ಸುರಿಸ್ಕೊಂಡು ಮನೆಗೆ ಬಂದೋನು ಏನಂದ ಗೊತ್ತಾ? 'ಅಮ್ಮ, ಪಾದ್ರಿಗಳಿಗೆ ಹೇಳು, ಸೈಕಲ್‌ಗೆ ಸ್ನಾನ ಆಯ್ತು.'"

ಮೈಕೆ ನಕ್ಕಳು. ನೀರಿನ ದಿಂಬು ಗುಳುಗುಳು ಎಂದಿತು.

"ಅಮ್ಮ, ದಯವಿಟ್ಟು ಅವಳನ್ನ ನಗಿಸ್ಬೇಡಿ, ಅಲ್ಲಾಡ್ತಾಳೆ," ಎಂದಿತು ಧ್ವನಿವರ್ಧಕ. ಅಷ್ಟು ಹೇಳಿ ಆ ತಂತ್ರಜ್ಞನೂ ನಗುತ್ತಿದ್ದದ್ದು ಗಾಜಿನಲ್ಲಿ ಕಾಣಿಸಿತು.

ವಾರ ಕಳೆದು ಮನೆಗೆ ಬಂದ ಮೇಲೆ ರಕ್ತ ಪರೀಕ್ಷೆಯ ಅಂಕಿ ಬಂತು. ಹಿಂದಿನದರ ಕಾಲು ಭಾಗಕ್ಕೆ ಇಳಿದಿತ್ತು. ಹೈಡ್ರುನ್ ಫೋನು ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿಬಂದಳು. "ಅತ್ತೆ! ಇಳಿದಿದೆ!"

ತೆಕ್ಲಾ ಕೈ ಒರೆಸಿಕೊಂಡು, "ಇಳೀದೆ ಏನು, ಅಷ್ಟು ಬೆವರಿಳಿಸಿದ್ದೀವಿ," ಎಂದಳು. ಆಮೇಲೆ ಕುರ್ಚಿ ಹಿಡಿದು ಕೂತಳು. "ಮುಂದಿನ ಸಲಾನೂ ನಾನೇ ಹೋಗ್ತೀನಿ."

"ಅದೆಲ್ಲ ಬೇಡ. ನನಗೀಗ ವಾಸಿಯಾಗಿದೆ. ನಾನೇ ಹೋಗ್ತೀನಿ."

"ನೀನು ಬಟ್ಟೆ ಸರಿಯಾಗಿ ಹಿಂಡಲ್ಲ, ಕತ್ತಿಗೆಲ್ಲ ನೀರು ಸುರಿಯುತ್ತೆ ಅಂತ ಮೈಕೆ ಹೇಳಿದ್ಲು."

"ಹಾಗಂದ್ಲಾ? ಮೈಕೆ! ಬಾ ಇಲ್ಲಿ!"

"ನನ್ನನ್ನ ಎಳೀಬೇಡಿ," ಎಂದು ಆಚೆ ಕೋಣೆಯಿಂದ ಉತ್ತರ ಬಂತು.

ಗೇಸಾ ಎರಡೂ ಕೈ ಮೇಲೆತ್ತಿದಳು. "ಮಾತಾಡದೆ ಇದ್ದಾಗ್ಲೇ ಸುಖವಾಗಿತ್ತು!"

ಕೊನೆಗೆ ಗೇಸಾಳೇ ತೀರ್ಪು ಕೊಟ್ಟಳು. ಕಾವಿನ ಕೋಣೆಗೆ ಅಜ್ಜಿ, ಮಿಕ್ಕ ದಿನ ಅಮ್ಮ. ಶನಿವಾರ ತಾನು. "ನಾನೂ ಅವಳ ಅಕ್ಕ. ನನಗೂ ಆ ಮಂಚದ ಮೇಲೆ ಮಲಗ್ಬೇಕು." ಅವಳು ಶನಿವಾರಗಳಲ್ಲಿ ಹೋಗಿ ತಂಗಿಯ ಉಗುರಿಗೆ ಹಸಿರು ಬಣ್ಣ ಬಳಿದು, ಡಾಕ್ಟರ್ ಕ್ಲಾಸೆನ್ ಕೈಯಲ್ಲಿ ಬೈಸಿಕೊಂಡು, ಅದನ್ನು ಒರೆಸಿ ಬರುತ್ತಿದ್ದಳು. ಬೆರಳ ತುದಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಯಂತ್ರಕ್ಕೆ ಹಸಿರು ಬಣ್ಣ ಹಿಡಿಸುತ್ತಿರಲಿಲ್ಲ.

ಮೂರನೇ ಸುತ್ತಿನ ನಂತರ ಕೆಟ್ಟ ದಿನಗಳು ಬಂದವು. ಮೈಕೆಗೆ ಬಾಯೆಲ್ಲ ಹುಣ್ಣು, ಏರು ಜ್ವರ. ರಕ್ತ ಏರಿಸಬೇಕಾಯಿತು. ಫೋಲ್ಕರ್ ರಾಟರ್‌ಡ್ಯಾಮಿನಲ್ಲಿ ಸರಕು ತುಂಬುವುದನ್ನು ಬಿಟ್ಟು ಓಡಿಬಂದ. ಓಣಿಯ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತು ಹೇಳಿದ, "ನಾನು ಆವತ್ತು ಅಮ್ಮನ ಮಾತು ಕೇಳಿದ್ದಿದ್ರೆ ಇಷ್ಟು ಹಿಂಸೆ ಇರ್ತಿರಲಿಲ್ಲ ಅಂತ ಒಂದು ಕ್ಷಣ ಅನ್ನಿಸ್ತು."

"ಈಗ?"

"ಈಗ ಒಳಗೆ ಹೋಗಿದ್ದೆ. ನೋವಲ್ಲೂ ನನ್ನ ಗಡ್ಡ ನೋಡಿ 'ಮುಳ್ಳುಹಂದಿ' ಅಂದ್ಲು. ಅವಳು ಬಿಡಲ್ಲ ಹೈಡ್ರುನ್. ನಾವ್ಯಾಕೆ ಬಿಡ್ಬೇಕು?"

ಹೈಡ್ರುನ್ ಅವನ ಭುಜಕ್ಕೆ ಒರಗಿ ಅಲ್ಲೇ ನಿದ್ದೆ ಹೋದಳು. ಯಾದ್ರಾಂಕಾ ಬಂದು ಇಬ್ಬರ ಮೇಲೂ ಒಂದು ಕಂಬಳಿ ಹಾಕಿದಳು.

ಜ್ವರ ಇಳಿಯಿತು. ಮಾರ್ಚ್ ಮುಗಿಯುವಾಗ ನಾಲ್ಕನೇ ಸುತ್ತೂ ಆಯಿತು. ಅಂಕಿ ಆರೋಗ್ಯವಂತ ಮಕ್ಕಳಲ್ಲಿ ಇರುವಷ್ಟಕ್ಕೆ ಬಂದು ನಿಂತಿತು. ಸ್ಕ್ಯಾನ್ ಚಿತ್ರದಲ್ಲಿ ಕಿತ್ತಳೆ ಹಣ್ಣಿನಷ್ಟಿದ್ದ ಗಡ್ಡೆ ಈಗ ದ್ರಾಕ್ಷಿಯಷ್ಟು. ಉಳಿದದ್ದನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ತೆಗೆದದ್ದರೊಳಗೆ ಏನಿದೆ ಎಂಬುದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲಷ್ಟೇ ಗೊತ್ತಾಗಬೇಕು. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಜಗಳ ಆಡಲಿಲ್ಲ. ತೆಕ್ಲಾ ಒಂದೇ ವಾರದಲ್ಲಿ ಎಲ್ಲ ಕಿಟಕಿಗಳನ್ನೂ ಎರಡು ಸಲ ತೊಳೆದಳು.

ಡಾಕ್ಟರ್ ಕ್ಲಾಸೆನ್ ಕರೆದಾಗ ನಾಲ್ವರೂ ಹೋದರು. ಕೋಣೆಯಲ್ಲಿ ಮೈಕೆ ದಿಂಬಿಗೆ ಒರಗಿ ಕೂತಿದ್ದಳು. ಡಾಕ್ಟರ್ ಮತ್ತೆ ಅವಳ ಮುಂದೆಯೇ ಕುರ್ಚಿ ಹಾಕಿದರು.

"ನೋಡಿದ್ವಿ. ಎಲ್ಲಾ ಕಡೆಯಿಂದ ಕತ್ತರಿಸಿ ನೋಡಿದ್ವಿ. ಬರೀ ಸತ್ತ ಅಂಗಾಂಶ. ಜೀವ ಇರೋ ಕ್ಯಾನ್ಸರ್ ಕಣ ಒಂದೂ ಇಲ್ಲ."

ತೆಕ್ಲಾಳೇ ಕೇಳಿದಳು, "ಒಂದೂ ಅಂದ್ರೆ ಒಂದೂ?"

"ಒಂದೂ ಇಲ್ಲ ಅಮ್ಮ. ಪರೀಕ್ಷೆಗೆ ಬರ್ತಾ ಇರ್ಬೇಕು, ವರ್ಷಗಟ್ಲೆ ಬರ್ಬೇಕು. ಆದ್ರೆ ಇವತ್ತಿನ ಮಾತು ಇದು. ಇವಳು ಗೆದ್ದಿದ್ದಾಳೆ."

ಗೇಸಾ ಮೊದಲು ಅತ್ತಳು, ಜೋರಾಗಿ, ಪುಟ್ಟ ಮಗುವಿನ ಹಾಗೆ. ಹೈಡ್ರುನ್ ಅವಳನ್ನು ತಬ್ಬಿಕೊಂಡಳು. ಫೋಲ್ಕರ್ ಕಿಟಕಿಯ ಕಡೆ ತಿರುಗಿ ನಿಂತ, ಅವನ ಬೆನ್ನು ಮಾತ್ರ ಅಲುಗುತ್ತಿತ್ತು. ತೆಕ್ಲಾ ಎದ್ದು ಡಾಕ್ಟರ ಎರಡೂ ಕೈ ಹಿಡಿದು ಕುಲುಕಿದಳು, ಕುಲುಕುತ್ತಲೇ ಇದ್ದಳು.

"ಅಜ್ಜಿ, ಬಿಡು. ಅವರಿಗೆ ಬೇರೆ ಮಕ್ಕಳೂ ಇದ್ದಾರೆ," ಎಂದಳು ಮೈಕೆ.

ಜೂನ್ ಹೊತ್ತಿಗೆ ಮೈಕೆಯ ತಲೆಯ ಮೇಲೆ ಬಾತುಕೋಳಿ ಮರಿಯಂಥ ನಯವಾದ ಕೂದಲು ಬಂದಿತ್ತು. ಶಾಲೆಗೆ ಸಣ್ಣ ರಜೆ ಬಿಟ್ಟಾಗ ಫೋಲ್ಕರ್ ಇಡೀ ಮನೆಯನ್ನು ದೋಣಿಗೆ ಹತ್ತಿಸಿಕೊಂಡ. ಆಸ್ಪತ್ರೆಯಿಂದ ಒಪ್ಪಿಗೆ ಸಿಕ್ಕಿತ್ತು. ತೆಕ್ಲಾ ದೋಣಿಯ ಸಣ್ಣ ಅಡಿಗೆಮನೆಯನ್ನು ವಶಪಡಿಸಿಕೊಂಡು, ಎಲ್ಲ ಪಾತ್ರೆಯನ್ನೂ ಮತ್ತೆ ತೊಳೆದು, ಬಿಳಿ ಶತಾವರಿ ದಂಟುಗಳನ್ನು ಬೇಯಲು ಇಟ್ಟಳು. ಹೈಡ್ರುನ್ ಮತ್ತು ಗೇಸಾ ಬಿಸಿಲಲ್ಲಿ ಸರಕು ಕೋಣೆಯ ಮುಚ್ಚಳದ ಮೇಲೆ ಕಾಲು ಚಾಚಿದ್ದರು. ಚುಕ್ಕಾಣಿಯ ಕೋಣೆಯಲ್ಲಿ ಅಪ್ಪನ ಪಕ್ಕದ ಎತ್ತರದ ಪೀಠದ ಮೇಲೆ ಮೈಕೆ.

ಮಧ್ಯಾಹ್ನದ ಹೊತ್ತಿಗೆ ಡ್ಯೂಸೆಲ್‌ಡಾರ್ಫಿನ ಸೇತುವೆಗಳು ಕಾಣಿಸಿದವು. ಎಡಗಡೆ ಊರಿನ ಗೋಪುರಗಳು, ದಡದಲ್ಲಿ ಬಿಯರ್ ಕುಡಿಯುತ್ತ ಕೂತ ಜನ.

"ಅಪ್ಪ, ಆಸ್ಪತ್ರೆ ಯಾವ ಕಡೆ?"

"ಆ ಮನೆಗಳ ಹಿಂದೆ. ಇಲ್ಲಿಂದ ಕಾಣಲ್ಲ."

"ಕೇಳಿಸುತ್ತಾ?"

ಫೋಲ್ಕರ್ ಮಗಳನ್ನು ನೋಡಿದ. ಹಾರ್ನಿನ ಗುಂಡಿಯ ಮೇಲಿಂದ ತನ್ನ ಕೈ ತೆಗೆದ. "ಒತ್ತು," ಎಂದ.

ಮೈಕೆ ಎರಡೂ ಅಂಗೈ ಇಟ್ಟು ಮೈಭಾರವೆಲ್ಲ ಹಾಕಿ ಒತ್ತಿದಳು. ಆ ಕೂಗು ಸೇತುವೆಗೆ ಬಡಿದು, ದಡದ ಗೋಡೆಗೆ ಬಡಿದು, ಊರ ತುಂಬ ಉರುಳಿತು. ಪಾರಿವಾಳಗಳು ಎದ್ದವು. ಬಿಯರ್ ಕುಡಿಯುತ್ತಿದ್ದವರು ಎದ್ದು ನಿಂತರು.

ತಕ್ಷಣ ವೈರ್‌ಲೆಸ್ ಗರಗರ ಅಂದಿತು. ನದಿ ಪೊಲೀಸರ ದೋಣಿಯಿಂದ ಒಬ್ಬ ಹೆಂಗಸಿನ ಗಡಸು ದನಿ. "ಕಪ್ತಾನರೇ, ಎಚ್ಚರಿಕೆ ಕೂಗು ಹಾಕಿದ್ರಿ. ಏನು ಅಪಾಯ?"

ಫೋಲ್ಕರ್ ಮೈಕ್ ಕೈಗೆ ತೆಗೆದುಕೊಂಡ. ನದಿಯ ಮೇಲೆ ಇಪ್ಪತ್ತು ವರ್ಷ ಅವನು ಸರಕು, ನೀರಿನ ಆಳ, ಮಂಜು ಬಿಟ್ಟು ಬೇರೇನೂ ಅದರಲ್ಲಿ ಮಾತಾಡಿದವನಲ್ಲ.

"ಅಪಾಯ ಏನಿಲ್ಲ. ಒತ್ತಿದ್ದು ನನ್ನ ಮಗಳು. ಇಲ್ಲಿ ಆಸ್ಪತ್ರೇಲಿದ್ಲು. ಕ್ಯಾನ್ಸರ್. ಈಗ ವಾಸಿ ಆಗಿದೆ."

ವೈರ್‌ಲೆಸ್ ಮತ್ತೆ ಗರಗರ ಅಂದಿತು.

"ನಿಯಮ ನಿಮಗೆ ಗೊತ್ತೇ ಇದೆ ಕಪ್ತಾನರೇ," ಎಂದಿತು ಆ ದನಿ. "ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಒತ್ತೋಕೆ ಹೇಳಿ."

ಮೈಕೆ ಒತ್ತಿದಳು. ಈ ಸಲ ಎದುರಿಗೆ ಬರುತ್ತಿದ್ದ ಡಚ್ಚರ ಮರಳು ದೋಣಿ ಉತ್ತರ ಕೊಟ್ಟಿತು. ಅದರ ಹಿಂದೆ ಇನ್ನೊಂದು. ಸೇತುವೆಯ ಕೆಳಗೆ ನಿಂತಿದ್ದ ಪ್ರವಾಸಿ ಹಡಗು ಕೂಡ, ಯಾಕೆಂದು ಗೊತ್ತಿಲ್ಲದೆಯೇ ದನಿ ಸೇರಿಸಿತು. ನದಿಯ ಎರಡೂ ದಡ ಅದ್ದೂರಿಯಾಗಿ ಮೊಳಗಿದವು.

ಕೆಳಗಿನಿಂದ ಕೈಯಲ್ಲಿ ಸೌಟು ಹಿಡಿದ ತೆಕ್ಲಾಳ ತಲೆ ಮೇಲೆ ಬಂತು. "ಯಾರೋ ಅದು ಕಿವಿ ಕೀಳ್ತಿರೋದು? ಪಾತ್ರೆ ಅದುರಿ ಬೆಣ್ಣೆ ಸಾಸ್ ಎಲ್ಲ ಒಲೆ ಮೇಲೆ!"

"ನಾನು ಅಜ್ಜಿ!"

ತೆಕ್ಲಾ ಅವಳನ್ನು ನೋಡಿದಳು. ದಡವನ್ನು ನೋಡಿದಳು. "ನೀನಾ," ಎಂದಳು. "ಹಾಗಾದ್ರೆ ಬಿಡ್ಬೇಡ. ಚೆನ್ನಾಗಿ ಒತ್ತು."